ರಸ್ತೆಯ ಸಾವಿಗೆ ಹೊಣೆ ಯಾರು?

(ಗಿರಣಿ ಕಾರ್ಮಿಕರೂ ಸಣ್ಣ ವರ್ತಕರೂ ಕೂಡಿದ್ದ ಸಭೆಯಲ್ಲಿ ನಮ್ಮ ಪಕ್ಷದ ಸಂಘಟಕರು ಮಾಡಿದ ಭಾಷಣ)

ಮಿತ್ರರೆ,

ಪಾಳಿ ಮುಗಿಸಿ ಮನೆಗೂ ಹೋಗದೆ ನೇರವಾಗಿ ಇಲ್ಲಿಗೆ ಬಂದವರಿದ್ದೀರಿ. ಅಂಗಡಿಯ ಬಾಗಿಲು ಎಳೆದು ಬಂದವರೂ ಇದ್ದೀರಿ. ಬಹಳ ಹೊತ್ತು ಕೂರಿಸುವುದಿಲ್ಲ. ಕೂಲಿ, ಬೋನಸ್ಸು, ಪಡಿತರ, ಮನೆ ಕಂದಾಯ, ಇವನ್ನೆಲ್ಲ ಕುರಿತು ನಾವು ಎಷ್ಟೋ ಸಭೆ ಮಾಡಿದ್ದೇವೆ. ಆದರೆ ರಸ್ತೆಯಲ್ಲಿ ಸತ್ತವರನ್ನು ಕುರಿತು ಇಂದಿನವರೆಗೆ ಒಂದು ಸಭೆಯನ್ನೂ ಮಾಡಿರಲಿಲ್ಲ. ಹಣೆಬರಹ ಎಂದೆವು, ಹೂವಿನ ಹಾರ ತೆಗೆದುಕೊಂಡು ಹೋದೆವು, ಮಣ್ಣು ಮಾಡಿ ಬಂದೆವು. ಇದು ನಮ್ಮ ತಪ್ಪು.

ಈ ಸಭೆ ಕರೆಯಲು ಕಾರಣವಾದ ಒಂದು ಸಂಜೆಯ ಸಂಗತಿಯನ್ನು ಮೊದಲು ಹೇಳಬೇಕು. ಸಂಘದ ಕೋಣೆಯಲ್ಲಿ ಅರ್ಜಿಗಳನ್ನು ಬರೆದುಕೊಡುತ್ತ ಕುಳಿತಿದ್ದೆವು. ಮೇಷ್ಟರ ಕೆಲಸ ಬಿಟ್ಟರೂ ಬರೆಯುವ ಕೆಲಸ ನಮ್ಮನ್ನು ಬಿಟ್ಟಿಲ್ಲ. ಒಬ್ಬ ಹೆಣ್ಣುಮಗಳು ಬಂದರು. ಅವರ ಯಜಮಾನರು ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದವರು. ರಾತ್ರಿ ಪಾಳಿ ಬಿಟ್ಟು ಸೈಕಲ್ಲಿನ ಮೇಲೆ ಪಿ. ಬಿ. ರಸ್ತೆ ದಾಟುವಾಗ ಲಾರಿ ಹೊಡೆದು ಅಲ್ಲಿಯೇ ತೀರಿಕೊಂಡರು. ಆಕೆಗೆ ಮೂವರು ಮಕ್ಕಳು, ಮನೆಯಲ್ಲಿ ಮುದಿ ಅತ್ತೆ. ಆಕೆ ಮಾತನಾಡುತ್ತಿರುವಾಗಲೇ ಬಾಗಿಲ ಹೊರಗೆ ಒಬ್ಬ ವಯಸ್ಸಾದ ತಾಯಿ ನಿಂತಿದ್ದರು. ಒಳಗೆ ಬನ್ನಿ ಅಮ್ಮ ಎಂದರೆ ಬರಲಿಲ್ಲ. ಆಮೇಲೆ ಗೊತ್ತಾಯಿತು, ಲಾರಿ ಓಡಿಸುತ್ತಿದ್ದ ಹುಡುಗನ ತಾಯಿ ಅವರು. ಆ ಹುಡುಗನೂ ನಮ್ಮ ಓಣಿಯವನೇ. ಎರಡು ರಾತ್ರಿ ಕಣ್ಣು ಮುಚ್ಚದೆ ಮೆಕ್ಕೆಜೋಳದ ಲೋಡು ಹೊಡೆಯುತ್ತಿದ್ದ. ಬೆಳಗಾಗುವುದರೊಳಗೆ ತಲುಪದಿದ್ದರೆ ಬಾಡಿಗೆ ಕತ್ತರಿಸುತ್ತೇನೆಂದು ಮಾಲಿಕ ಆ ರಾತ್ರಿ ಮೂರು ಸಲ ಫೋನು ಮಾಡಿದ್ದನಂತೆ. ಹುಡುಗನಿಗೆ ಕೋರ್ಟಿನಿಂದ ಕಾಗದ ಬಂದಿದೆ, ಮಾಲಿಕ ಈಗ ಫೋನು ಎತ್ತುವುದಿಲ್ಲ. ಲಾರಿಯನ್ನು ಮಾತ್ರ ಠಾಣೆಯಿಂದ ಬಿಡಿಸಿಕೊಂಡು ಹೋಗಿದ್ದಾನೆ. ಅದು ಮತ್ತೊಬ್ಬ ಹುಡುಗನ ಕೈಯಲ್ಲಿ ಅದೇ ರಸ್ತೆಯ ಮೇಲೆ ಓಡುತ್ತಿದೆ.

ನಾವು ಯಾರ ಅರ್ಜಿ ಬರೆಯಬೇಕು? ಒಳಗೆ ಕುಳಿತವರದೋ, ಹೊರಗೆ ನಿಂತವರದೋ? ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಕಾನೂನಿನ ಪುಸ್ತಕಗಳನ್ನು ಹುಡುಕಿ ಓದಿದೆವು, ವಕೀಲ ಮಿತ್ರರನ್ನು ಕೇಳಿದೆವು. ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇವೆ.

ಮೊದಲು ಸಾವಿನ ಲೆಕ್ಕ. ಕೇಂದ್ರ ಸರ್ಕಾರವೇ ಅಚ್ಚು ಹಾಕಿದ ವರದಿಯ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾದವು, 1,68,491 ಜನ ಸತ್ತರು. ದಿನಕ್ಕೆ 462 ಜನ. ಅವರಲ್ಲಿ ದ್ವಿಚಕ್ರ ವಾಹನದವರು 74,897, ಕಾಲ್ನಡಿಗೆಯವರು 32,825. ಈ ಎರಡೇ ಗುಂಪು ಸೇರಿದರೆ ಸತ್ತವರಲ್ಲಿ ಮೂರರಲ್ಲೆರಡು ಪಾಲಿಗೆ ಹತ್ತಿರ. ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ಹೋಗುವವರು ಸಾಯುವುದಿಲ್ಲವೆಂದಲ್ಲ. ಆದರೆ ಈ ಪಟ್ಟಿಯನ್ನು ಓದಿದರೆ ಅದು ನಮ್ಮ ಗಿರಣಿಯ ಹಾಜರಿ ಪುಸ್ತಕ ಓದಿದ ಹಾಗೆ ಇರುತ್ತದೆ.

ಇಂಥ ಸಾವಿಗೆ ಕಾಯಿದೆ ಏನನ್ನುತ್ತದೆ? 1860ರ ದಂಡಸಂಹಿತೆಗೆ 1870ರಲ್ಲಿ 304-ಎ ಎಂಬ ಕಲಮನ್ನು ಸೇರಿಸಿದರು. ಆಗ ನಮ್ಮ ದೇಶದಲ್ಲಿ ಮೋಟಾರೇ ಇರಲಿಲ್ಲ. ದುಡುಕಿನಿಂದ ಇಲ್ಲವೆ ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದವನಿಗೆ ಹೆಚ್ಚೆಂದರೆ ಎರಡು ವರ್ಷ ಸಜೆ, ಇಲ್ಲವೆ ದಂಡ, ಇಲ್ಲವೆ ಎರಡೂ. ಬಾವಿಗೆ ಕಟ್ಟೆ ಕಟ್ಟದವನಿಗೂ ಅದೇ, ಕುಡಿದು ಮೋಟಾರು ನುಗ್ಗಿಸಿದವನಿಗೂ ಅದೇ. ನೂರೈವತ್ತು ವರ್ಷಕ್ಕೂ ಮೇಲೆ ಈ ಕಲಮು ನಡೆಯಿತು. ನಿಮ್ಮಲ್ಲಿ ಯಾರಾದರೂ ಠಾಣೆಯಿಂದ ಎಫ್. ಐ. ಆರ್. ನಕಲು ತಂದಿದ್ದರೆ ತೆಗೆದು ನೋಡಿ. 'ಅತಿ ವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿ' ಎಂಬ ಸಾಲು ಅದರಲ್ಲಿ ಇದ್ದೇ ಇರುತ್ತದೆ. ಮಕ್ಕಳು ಕಾಪಿ ಬರೆದಂತೆ ಎಲ್ಲ ಸಾವಿಗೂ ಅದೇ ಸಾಲು. ಚಾಲಕ ಎಷ್ಟು ಗಂಟೆಯಿಂದ ಎಚ್ಚರವಿದ್ದ, ಲೋಡು ಎಷ್ಟು ಟನ್ನು, ಬ್ರೇಕು ಯಾವಾಗ ರಿಪೇರಿ ಆಗಿತ್ತು, ಅಲ್ಲಿ ದೀಪದ ಕಂಬ ಇತ್ತೆ, ಇವನ್ನು ಬರೆದಿರುವುದು ಅಪರೂಪ.

ಈಗ ಮುಂಬಯಿಯ ಒಂದು ಖಟ್ಲೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಅದು ನಮ್ಮಂಥವರ ಖಟ್ಲೆ. 2006ರ ನವೆಂಬರ್ 12, ಬೆಳಗಿನ ಜಾವ, ಬಾಂದ್ರಾದ ಕಾರ್ಟರ್ ರಸ್ತೆ. ಅಲ್ಲಿ ರಸ್ತೆ ರಿಪೇರಿ ನಡೆದಿತ್ತು. ಕೂಲಿಯವರಿಗೆ ಪಾದಚಾರಿ ಕಟ್ಟೆಯ ಮೇಲೆಯೇ ತಾತ್ಕಾಲಿಕ ಗುಡಿಸಲು ಹಾಕಿಕೊಟ್ಟಿದ್ದರು. ಹಗಲೆಲ್ಲ ರಸ್ತೆ ಮಾಡಿದವರು ರಾತ್ರಿ ಆ ಕಟ್ಟೆಯ ಮೇಲೆ ಮಲಗಿದ್ದರು. ಒಬ್ಬ ಯುವಕ ಕುಡಿದು ಓಡಿಸುತ್ತಿದ್ದ ಕಾರು ಅವರ ಮೇಲೆ ಹತ್ತಿತು. ಏಳು ಜನ ಸತ್ತರು, ಎಂಟು ಜನರಿಗೆ ಗಾಯ. ಅವನ ರಕ್ತದಲ್ಲಿ ಮದ್ಯದ ಅಂಶ ಶೇಕಡ 0.112 ಇತ್ತು. ನಮ್ಮ ಕಾಯಿದೆ ಬಿಡುವುದು 0.03 ಮಾತ್ರ. ಸೆಷನ್ಸ್ ಕೋರ್ಟು 2007ರಲ್ಲಿ ಇದನ್ನು ನಿರ್ಲಕ್ಷ್ಯದ ಸಾವೆಂದು ಎಣಿಸಿತು. ಆರು ತಿಂಗಳು ಸಜೆ, ಐದು ಲಕ್ಷ ರೂಪಾಯಿ ದಂಡ. ಏಳು ಜೀವಕ್ಕೆ ಆರು ತಿಂಗಳು! ಜನ ಸಿಟ್ಟಾದರು, ಪತ್ರಿಕೆಗಳು ಬರೆದವು, ಹೈಕೋರ್ಟು ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೊಟ್ಟ ತೀರ್ಪಿನಲ್ಲಿ ಇದು ಬರಿಯ ನಿರ್ಲಕ್ಷ್ಯವಲ್ಲ, 304ನೆಯ ಕಲಮಿನ ಎರಡನೆಯ ಭಾಗದ ಅಪರಾಧ ಎಂದಿತು. ಅಂದರೆ ಕೊಲೆಯೆನಿಸದ ದಂಡಾರ್ಹ ನರಹತ್ಯೆ. ಮೂರು ವರ್ಷ ಸಜೆ ಕೊಟ್ಟಿತು. 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು.

ಎರಡು ಕಲಮುಗಳ ನಡುವಿನ ವ್ಯತ್ಯಾಸವನ್ನು ಚೆನ್ನಾಗಿ ತಿಳಿದುಕೊಳ್ಳಿ, ಏಕೆಂದರೆ ವಕೀಲರು ಇದರ ಮೇಲೆಯೇ ವರ್ಷಗಟ್ಟಲೆ ವಾದ ಮಾಡುತ್ತಾರೆ. ಎಚ್ಚರ ತಪ್ಪಿ ಆದದ್ದು ಒಂದು. ಹೀಗೆ ಮಾಡಿದರೆ ಜನ ಸಾಯಬಹುದೆಂದು ಅರಿವಿದ್ದೂ ಮಾಡಿದ್ದು ಇನ್ನೊಂದು. ಕೊಲ್ಲಬೇಕೆಂಬ ಉದ್ದೇಶ ಇರಬೇಕಾಗಿಲ್ಲ, ಅರಿವು ಇದ್ದರೆ ಸಾಕು. ಕಂಠಪೂರ್ತಿ ಕುಡಿದು, ಜನ ಮಲಗುವ ಜಾಗದಲ್ಲಿ, ಅತಿ ವೇಗದಿಂದ ಕಾರು ಬಿಡುವವನಿಗೆ ಆ ಅರಿವು ಇಲ್ಲವೆಂದು ಹೇಳುವುದು ಹೇಗೆ? ಕೋರ್ಟು ಕೇಳಿದ್ದು ಇದನ್ನೇ. ಮೂರು ವರ್ಷ ಕಡಿಮೆಯಾಯಿತು ಎಂಬ ಭಾವವೂ ಆ ತೀರ್ಪಿನಲ್ಲಿದೆ. ಆದರೆ ಹೆಚ್ಚು ಮಾಡಿ ಎಂದು ಸರ್ಕಾರ ಅಪೀಲು ಮಾಡಿರಲಿಲ್ಲ. ಸತ್ತವರು ಯಾರೆಂಬುದು ಸರ್ಕಾರಕ್ಕೆ ಗೊತ್ತಿತ್ತಲ್ಲ!

ಆದರೆ ಮಿತ್ರರೆ, ಆ ಕೂಲಿಯವರು ರಸ್ತೆಯ ಅಂಚಿನಲ್ಲಿ ಮಲಗಬೇಕಾಗಿ ಬಂದದ್ದು ಏಕೆ? ಕಾರಿಗೂ ಅವರ ತಲೆಗೂ ನಡುವೆ ಒಂದು ಅಡ್ಡಗೋಡೆ ಹಾಕಬೇಕಾದವರು ಯಾರು? ಈ ಪ್ರಶ್ನೆ ಆ ಖಟ್ಲೆಯ ಪ್ರಶ್ನೆಯಾಗಿರಲೇ ಇಲ್ಲ. ಕಾಯಿದೆಯ ಕಣ್ಣು ಸ್ಟೇರಿಂಗ್ ಹಿಡಿದ ಕೈಯನ್ನು ಹುಡುಕುತ್ತದೆ. ಕೈ ಸಿಕ್ಕಿದೊಡನೆ ಹುಡುಕುವುದನ್ನು ನಿಲ್ಲಿಸುತ್ತದೆ.

ಅದೇ 2012ರಲ್ಲಿ, ಆಗಸ್ಟಿನಲ್ಲಿ, ಅದೇ ಸುಪ್ರೀಂ ಕೋರ್ಟಿನಲ್ಲಿ ದಿಲ್ಲಿಯ ಖಟ್ಲೆಯೊಂದು ತೀರ್ಮಾನವಾಯಿತು. 1999ರ ಜನವರಿಯಲ್ಲಿ ಲೋದಿ ಕಾಲೊನಿಯಲ್ಲಿ ನೌಕಾದಳದ ಮಾಜಿ ಮುಖ್ಯಸ್ಥರೊಬ್ಬರ ಮೊಮ್ಮಗನ ಬಿ. ಎಂ. ಡಬ್ಲ್ಯು. ಕಾರು ಆರು ಜನರನ್ನು ಬಲಿ ತೆಗೆದುಕೊಂಡಿತ್ತು. ಅವರಲ್ಲಿ ಮೂವರು ಪೊಲೀಸಿನವರು. ಹದಿಮೂರು ವರ್ಷ ಖಟ್ಲೆ ನಡೆಯಿತು. ನಡುವೆ ಸಾಕ್ಷಿಯನ್ನು ತಿರುಗಿಸಲು ನಡೆದ ಪ್ರಯತ್ನ ದೂರದರ್ಶನದ ಗುಪ್ತ ಕ್ಯಾಮೆರಾದಲ್ಲಿ ಸಿಕ್ಕಿಬಿದ್ದು ದೊಡ್ಡ ವಕೀಲರೇ ನ್ಯಾಯಾಲಯ ನಿಂದನೆಯ ತಪ್ಪಿತಸ್ಥರಾದರು. ಕೊನೆಗೆ ಅಪರಾಧ ನರಹತ್ಯೆಯೇ ಎಂದರು. ಸಜೆ ಮಾತ್ರ ಅದುವರೆಗೆ ಅನುಭವಿಸಿದ ಎರಡು ವರ್ಷ ಸಾಕು ಎಂದರು. ಜೊತೆಗೆ ಐವತ್ತು ಲಕ್ಷ ರೂಪಾಯಿ ಕಟ್ಟಬೇಕು, ಎರಡು ವರ್ಷ ಸಮಾಜಸೇವೆ ಮಾಡಬೇಕು. ಪರಿಹಾರ ಸಿಗದ ಅಪಘಾತಪೀಡಿತರಿಗೆ ಆ ಹಣ ಹೋಗುವುದು ಒಳ್ಳೆಯದೇ. ಆದರೆ ಐವತ್ತು ಲಕ್ಷ ತರಲಾರದ ಲಾರಿ ಚಾಲಕನಿಗೆ ಇಂಥ ಆಯ್ಕೆ ಉಂಟೆ? 2000ದಲ್ಲಿ ಇನ್ನೊಂದು ಖಟ್ಲೆಯಲ್ಲಿ ಇದೇ ಕೋರ್ಟು ಒಬ್ಬ ವೃತ್ತಿ ಚಾಲಕನಿಗೆ ಪ್ರೊಬೇಷನ್ ಕೂಡ ಕೊಡಲಿಲ್ಲ. ಚಾಲಕರಿಗೆ ಜೈಲಿನ ಭಯ ಇರಲೇಬೇಕೆಂದಿತು. ಆ ಮಾತು ತಪ್ಪೆಂದು ನಾವು ಹೇಳುವುದಿಲ್ಲ. ಭಯ ಎಲ್ಲರಿಗೂ ಒಂದೇ ಅಳತೆಯಲ್ಲಿ ಇರಲಿ ಎಂದು ಹೇಳುತ್ತೇವೆ.

ಪುಣೆಯ ಸಂಗತಿ ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. 2024ರ ಮೇ 19ರಂದು ಹದಿನೇಳು ವರ್ಷದ ಹುಡುಗ ಓಡಿಸುತ್ತಿದ್ದ ಪೋರ್ಷೆ ಕಾರು ಮೋಟಾರು ಸೈಕಲ್ಲಿನ ಮೇಲಿದ್ದ ಇಬ್ಬರು ಯುವ ಇಂಜಿನಿಯರರನ್ನು ಕೊಂದಿತು. ಅದೇ ದಿನ ಜಾಮೀನು. ಷರತ್ತುಗಳಲ್ಲಿ ಒಂದು, ರಸ್ತೆ ಅಪಘಾತವನ್ನು ಕುರಿತು ಮುನ್ನೂರು ಪದಗಳ ಪ್ರಬಂಧ ಬರೆಯಬೇಕೆಂಬುದು. ನಾವೂ ಮೇಷ್ಟರಾಗಿ ಪ್ರಬಂಧ ಬರೆಸಿದ್ದೇವೆ, ಮನೆಲೆಕ್ಕ ಮಾಡದೆ ಬಂದವರಿಗೆ! ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಮೂರು ದಿನಕ್ಕೆ ಆದೇಶ ಬದಲಾಯಿತು. ಹುಡುಗನ ರಕ್ತದ ಮಾದರಿಯನ್ನು ಬದಲಿಸಿದ ಆರೋಪದ ಮೇಲೆ ಆಸ್ಪತ್ರೆಯ ವೈದ್ಯರನ್ನೇ ಬಂಧಿಸಿದರು, ತಂದೆ ತಾಯಿಯನ್ನೂ ಬಂಧಿಸಿದರು. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿಸಿದ 199-ಎ ಕಲಮಿನ ಪ್ರಕಾರ ಅಪ್ರಾಪ್ತ ವಯಸ್ಕನು ಅಪರಾಧ ಮಾಡಿದರೆ ಪೋಷಕ ಇಲ್ಲವೆ ವಾಹನದ ಮಾಲಿಕನೇ ತಪ್ಪಿತಸ್ಥ. ಮೂರು ವರ್ಷದವರೆಗೆ ಸಜೆ, ಇಪ್ಪತ್ತೈದು ಸಾವಿರ ದಂಡ, ವಾಹನದ ನೋಂದಣಿ ಒಂದು ವರ್ಷ ರದ್ದು. ತನಗೆ ತಿಳಿಯದೆ ಆಯಿತೆಂದು ಮಾಲಿಕನೇ ರುಜುವಾತು ಮಾಡಬೇಕು.

ಈ ಕಲಮನ್ನು ಹೇಳುವಾಗ ಇಲ್ಲಿ ಕುಳಿತಿರುವ ವರ್ತಕ ಮಿತ್ರರ ಮುಖವನ್ನೂ ನೋಡುತ್ತಿದ್ದೇವೆ. ಪೋರ್ಷೆ ನಮ್ಮ ಊರಿನಲ್ಲಿ ಇಲ್ಲ. ಆದರೆ ಹದಿನೈದು ವರ್ಷದ ಹುಡುಗನಿಗೆ ಟಿ. ವಿ. ಎಸ್. ಗಾಡಿಯ ಬೀಗದ ಕೈ ಕೊಟ್ಟು, ಹಿಂದೆ ಎರಡು ಅಕ್ಕಿ ಮೂಟೆ ಹೇರಿ, 'ಬೇಗ ಹೋಗಿ ಬಾರೋ' ಎಂದು ಕಳಿಸುವ ಅಂಗಡಿಗಳು ಎಷ್ಟಿಲ್ಲ? ಅವನು ಯಾರಿಗಾದರೂ ಹೊಡೆದರೆ ಕಾಯಿದೆ ನಿಮ್ಮ ಬಾಗಿಲಿಗೆ ಬರುತ್ತದೆ. ಅವನೇ ಸತ್ತರೆ? ದೊಡ್ಡ ಮಾಲಿಕರನ್ನು ಬೈಯುವುದು ಸುಲಭ. ಮಾತು ನಮ್ಮ ಗಲ್ಲಾಪೆಟ್ಟಿಗೆಯ ಹತ್ತಿರ ಬಂದಾಗಲೂ ಆಡಬೇಕು. ಬೇಸರ ಮಾಡಿಕೊಳ್ಳಬೇಡಿ.

ಇನ್ನು ಹೊಸ ಕಾಯಿದೆ. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. 304-ಎ ಇದ್ದ ಜಾಗದಲ್ಲಿ 106ನೆಯ ಕಲಮು. ಅದರ ಮೊದಲನೆಯ ಭಾಗದಲ್ಲಿ ಎರಡು ವರ್ಷ ಇದ್ದದ್ದು ಐದು ವರ್ಷದವರೆಗೆ ಆಯಿತು, ಜೊತೆಗೆ ದಂಡ. ಎರಡನೆಯ ಭಾಗದಲ್ಲಿ ಹೀಗಿದೆ: ಅಜಾಗರೂಕತೆಯಿಂದ ವಾಹನ ಓಡಿಸಿ ಸಾವು ಮಾಡಿ, ಪೊಲೀಸರಿಗಾಗಲಿ ಮ್ಯಾಜಿಸ್ಟ್ರೇಟರಿಗಾಗಲಿ ತಿಳಿಸದೆ ಓಡಿಹೋದರೆ ಹತ್ತು ವರ್ಷದವರೆಗೆ ಸಜೆ. ಇದರ ವಿರುದ್ಧವೇ 2024ರ ಜನವರಿ ಮೊದಲ ವಾರ ಲಾರಿ ಚಾಲಕರು ದೇಶದ ಹಲವು ಕಡೆ ಮುಷ್ಕರ ಹೂಡಿದ್ದು, ಪೆಟ್ರೋಲು ಬಂಕುಗಳ ಮುಂದೆ ಸಾಲು ನಿಂತದ್ದು. ಸಾಗಣೆದಾರರ ಸಂಘದೊಡನೆ ಮಾತನಾಡದೆ ಆ ಭಾಗವನ್ನು ಜಾರಿಗೆ ತರುವುದಿಲ್ಲವೆಂದು ಕೇಂದ್ರ ಗೃಹ ಕಾರ್ಯದರ್ಶಿ ಜನವರಿ 2ರಂದು ಮಾತು ಕೊಟ್ಟರು. ಜುಲೈನಲ್ಲಿ ಸಂಹಿತೆ ಜಾರಿಯಾದಾಗ ಆ ಒಂದು ಭಾಗವನ್ನು ಬಿಟ್ಟೇ ಜಾರಿ ಮಾಡಿದರು.

ಆಗ ನಮ್ಮಲ್ಲಿಗೂ ಚಾಲಕರು ಬಂದು ಬೆಂಬಲ ಕೇಳಿದರು. ನಾವು ಕೊಟ್ಟೆವು, ಅರೆಮನಸ್ಸಿನಿಂದ ಕೊಟ್ಟೆವು. ಇಂದು ಬಾಯಿ ಬಿಟ್ಟು ಹೇಳುತ್ತೇವೆ, ಅರ್ಧ ಸರಿ ಮಾಡಿದೆವು, ಅರ್ಧ ತಪ್ಪು ಮಾಡಿದೆವು. ಚಾಲಕ ಓಡುವುದು ಏಕೆ? ನಿಂತರೆ ಜನ ಹೊಡೆದು ಕೊಲ್ಲುತ್ತಾರೆ. ಇದು ಸುಳ್ಳಲ್ಲ, ಕಾಯಿದೆಯೂ ಒಪ್ಪಿಕೊಂಡಿದೆ. ಮೋಟಾರು ವಾಹನ ಕಾಯಿದೆಯ 134ನೆಯ ಕಲಮು, ಗಾಯಗೊಂಡವನಿಗೆ ವೈದ್ಯರ ನೆರವು ಸಿಗುವಂತೆ ಚಾಲಕ ಮಾಡಬೇಕೆನ್ನುತ್ತದೆ. ಜನಸಮೂಹದ ರೋಷದಿಂದ ಅದು ಸಾಧ್ಯವಾಗದಿದ್ದರೆ ಬೇರೆ ಮಾತು ಎಂದೂ ಸೇರಿಸುತ್ತದೆ. ಆದರೆ ಪೊಲೀಸರಿಗೆ ತಿಳಿಸುವ ಹೊಣೆ ತಪ್ಪುವುದಿಲ್ಲ. ಇಷ್ಟನ್ನು ನಾವು ಚಾಲಕರಿಗೆ ಅಂದೇ ಹೇಳಬೇಕಾಗಿತ್ತು. ಅಲ್ಲಿ ನಿಲ್ಲಲು ಹೆದರಿಕೆಯಾದರೆ ನಿಲ್ಲಬೇಡಿ, ಮುಂದಿನ ಠಾಣೆಗೆ ಹೋಗಿ, ಆಂಬ್ಯುಲೆನ್ಸಿಗೆ 108 ಒತ್ತಿ, 112ಕ್ಕೆ ಫೋನು ಮಾಡಿ, ಜಾಗದ ಹೆಸರು ಹೇಳಿ. ದೀಪ ಆರಿಸಿಕೊಂಡು ಕಾಡುದಾರಿ ಹಿಡಿದವನ ಪರವಾಗಿ ನಾವು ನಿಲ್ಲಲಾರೆವು. ಅವನು ನಿಂತಿದ್ದರೆ, ಒಂದು ಫೋನು ಮಾಡಿದ್ದರೆ ಬದುಕುತ್ತಿದ್ದವರು ಎಷ್ಟು ಜನರೋ. 2022ರಲ್ಲಿ ಹೊಡೆದು ಓಡಿಹೋದ ಅಪಘಾತಗಳು 67,387. ಅವುಗಳಲ್ಲಿ ಸತ್ತವರು 30,486.

ಆದರೆ ವರ್ಷಗಳನ್ನು ಎರಡರಿಂದ ಐದಕ್ಕೆ, ಐದರಿಂದ ಹತ್ತಕ್ಕೆ ಏರಿಸಿದ ಆ ಪುಸ್ತಕದ 106ನೆಯ ಕಲಮಿನಲ್ಲಿ ಲಾರಿಯ ಮಾಲಿಕ ಎಂಬ ಶಬ್ದ ಎಲ್ಲಿದೆ? ಮೋಟಾರು ಸಾರಿಗೆ ಕಾರ್ಮಿಕನಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸವೆಂದು 1961ರ ಕಾಯಿದೆಯಲ್ಲಿಯೇ ಬರೆದರು. ನಮ್ಮ ಓಣಿಯ ಹುಡುಗ ಎರಡು ರಾತ್ರಿ ಓಡಿಸಿದ. ಮೂರು ಸಲ ಬಂದ ಫೋನಿನ ದಾಖಲೆ ಕಂಪನಿಯ ಬಳಿ ಇದೆ. ಟೋಲ್ ಗೇಟಿನ ಚೀಟಿಯಲ್ಲಿ ಗಂಟೆ ನಿಮಿಷ ಇದೆ. ತೂಕದ ಚೀಟಿಯಲ್ಲಿ ಟನ್ನು ಇದೆ. ಹೆಚ್ಚು ಲೋಡಿಗೆ ಇಪ್ಪತ್ತು ಸಾವಿರ, ಮೇಲಿನ ಪ್ರತಿ ಟನ್ನಿಗೆ ಎರಡು ಸಾವಿರ ದಂಡ ಎಂದು ಮೋಟಾರು ಕಾಯಿದೆಯಲ್ಲಿದೆ, ಅದು ಓಡಿಸಿದವನಿಗೂ ಅನ್ವಯಿಸುತ್ತದೆ, ಓಡಿಸಹಚ್ಚಿದವನಿಗೂ ಅನ್ವಯಿಸುತ್ತದೆ. ಹಾಗಾದರೆ ದಂಡದ ಪಾವತಿಯಲ್ಲಿ ಓಡಿಸಹಚ್ಚಿದವನು ಕಾಣುತ್ತಾನೆ, ಸಾವಿನ ಖಟ್ಲೆಯಲ್ಲಿ ಮಾಯವಾಗುತ್ತಾನೆ! ನಿದ್ದೆಗೆಟ್ಟವನ ಕೈಗೆ ಇಪ್ಪತ್ತು ಟನ್ನು ಕಬ್ಬಿಣ ಕೊಟ್ಟು ಬೇಗ ಬಾ ಎನ್ನುವವನಿಗೆ ಜನ ಸಾಯಬಹುದೆಂಬ ಅರಿವು ಇಲ್ಲವೆ? ಬಾಂದ್ರಾದ ಯುವಕನ ವಿಷಯದಲ್ಲಿ ಕೋರ್ಟು ಕೇಳಿದ ಪ್ರಶ್ನೆಯನ್ನೇ ನಾವು ಇಲ್ಲಿ ಕೇಳುತ್ತಿದ್ದೇವೆ. ನಮ್ಮ ಪಕ್ಷದ ಬೇಡಿಕೆ ಇದು: ಸಾವಾದ ಪ್ರತಿ ಖಟ್ಲೆಯಲ್ಲಿ ಪೊಲೀಸರು ಚಾಲಕನ ಹಿಂದಿನ ಎರಡು ದಿನದ ಕೆಲಸದ ಗಂಟೆಗಳನ್ನೂ, ಲೋಡನ್ನೂ, ಬ್ರೇಕಿನ ಸ್ಥಿತಿಯನ್ನೂ ಬರೆದುಕೊಳ್ಳಬೇಕು, ಮಾಲಿಕನ ಪಾಲು ಕಂಡುಬಂದರೆ ಅವನ ಹೆಸರೂ ಆರೋಪಿಯ ಅಂಕಣಕ್ಕೆ ಬರಬೇಕು. ಚಾಲಕನನ್ನು ಬಿಡಿ ಎಂದು ನಾವು ಕೇಳುತ್ತಿಲ್ಲ. ಅವನೊಬ್ಬನನ್ನೇ ನಿಲ್ಲಿಸಬೇಡಿ ಎನ್ನುತ್ತಿದ್ದೇವೆ.

1979ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರ ಮುಂದೆ ಪಂಜಾಬಿನ ಒಬ್ಬ ಲಾರಿ ಚಾಲಕನ ಖಟ್ಲೆ ಬಂದಿತ್ತು. 1957ರ ಕೇರಳ ಮಂತ್ರಿಮಂಡಲದಲ್ಲಿ ಮಂತ್ರಿಯಾಗಿದ್ದವರು ಅವರು, ಬಡವರ ನೋವು ಬಲ್ಲವರು. ತನ್ನ ಸಂಸಾರ ಬೀದಿಗೆ ಬೀಳುತ್ತದೆಂದು ಚಾಲಕ ಬೇಡಿಕೊಂಡರೂ ಸಜೆಯನ್ನು ಅವರು ಇಳಿಸಲಿಲ್ಲ. ಆದರೆ ಸತ್ತವನ ಕಡೆಯವರ ನೋವೂ, ಜೈಲಿಗೆ ಹೋದವನನ್ನು ನಂಬಿದವರ ಕಷ್ಟವೂ, ಎರಡೂ ನಮ್ಮ ಕಾನೂನಿನ ಕಣ್ಣಿಗೆ ಬೀಳುವುದಿಲ್ಲ, ಇದು ಅದರ ದೌರ್ಬಲ್ಯ ಎಂಬ ಅರ್ಥದ ಮಾತನ್ನು ಬರೆದರು. ಅದನ್ನು ಓದಿದಾಗ ನಮಗೆ ಒಳಗೆ ಕುಳಿತಿದ್ದ ಹೆಣ್ಣುಮಗಳೂ ಬಾಗಿಲಲ್ಲಿ ನಿಂತಿದ್ದ ತಾಯಿಯೂ ಒಟ್ಟಿಗೆ ನೆನಪಾದರು.

ಸಜೆಯ ಮಾತು ಇಷ್ಟು ಸಾಕು. ಸಜೆಯಿಂದ ಆ ಮೂರು ಮಕ್ಕಳ ಹೊಟ್ಟೆ ತುಂಬುವುದಿಲ್ಲ. ಈಗ ಪರಿಹಾರದ ವಿಷಯ, ಕಿವಿಗೊಟ್ಟು ಕೇಳಿ. ಖಟ್ಲೆ ಬೇರೆ, ಪರಿಹಾರ ಬೇರೆ. ಚಾಲಕ ಖುಲಾಸೆಯಾದರೂ ಪರಿಹಾರದ ಹಕ್ಕು ಹೋಗುವುದಿಲ್ಲ. ಅಪಘಾತ ಎಲ್ಲಿಯೇ ಆಗಿರಲಿ, ನೀವು ವಾಸವಿರುವ ಊರಿನ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಬಹುದು. ಇಲ್ಲಿ ಮಾತ್ರ ಮಾಲಿಕ ತಪ್ಪಿಸಿಕೊಳ್ಳಲಾರ. ಹೊಣೆ ಅವನದೇ, ಅವನ ಪರವಾಗಿ ವಿಮಾ ಕಂಪನಿ ಕಟ್ಟುತ್ತದೆ. ವಿಮೆ ಇಲ್ಲದಿದ್ದರೆ ಅವನ ಆಸ್ತಿಯಿಂದ ವಸೂಲಿ.

ಎಷ್ಟು ಸಿಗುತ್ತದೆ? ಇದಕ್ಕೆ ಸುಪ್ರೀಂ ಕೋರ್ಟು 2009ರಲ್ಲಿ ಒಂದು ಕೋಷ್ಟಕ ಹಾಕಿಕೊಟ್ಟಿದೆ, 2017ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಗಟ್ಟಿ ಮಾಡಿದೆ. ಬೋರ್ಡು ಇದ್ದಿದ್ದರೆ ಲೆಕ್ಕ ಮಾಡಿ ತೋರಿಸುತ್ತಿದ್ದೆವು. ಬಾಯಲ್ಲೇ ಮಾಡೋಣ. ಸತ್ತವನಿಗೆ 32 ವರ್ಷ, ತಿಂಗಳಿಗೆ 18,000 ದುಡಿಯುತ್ತಿದ್ದ ಎನ್ನಿ. ವರ್ಷಕ್ಕೆ 2,16,000. ಮುಂದೆ ಸಂಬಳ ಏರುತ್ತಿತ್ತೆಂದು, ನಲವತ್ತರೊಳಗಿನ ಇಂಥ ದುಡಿಮೆಗಾರನಿಗೆ ನೂರಕ್ಕೆ ನಲವತ್ತು ಸೇರಿಸುತ್ತಾರೆ, 3,02,400 ಆಯಿತು. ಅವನನ್ನು ನಂಬಿದವರು ನಾಲ್ಕರಿಂದ ಆರು ಜನರಿದ್ದರೆ ಅವನ ಸ್ವಂತ ಖರ್ಚೆಂದು ಕಾಲು ಭಾಗ ಕಳೆಯುತ್ತಾರೆ, 2,26,800 ಉಳಿಯಿತು. 31ರಿಂದ 35 ವಯಸ್ಸಿಗೆ ಗುಣಕ 16. ಗುಣಿಸಿ: 36,28,800. ಇದರ ಮೇಲೆ ಅಂತ್ಯಕ್ರಿಯೆ ಮುಂತಾದ ಬಾಬತ್ತು.

ಈಗ ಗಿರಣಿಯವನು ಏನು ಹೇಳಿದ? 'ಅವನು ನಮ್ಮ ಕೆಲಸಗಾರನೇ ಅಲ್ಲ, ಗುತ್ತಿಗೆಯವನ ಆಳು.' ಸಂಬಳದ ಚೀಟಿ ಇಲ್ಲ, ಹಾಜರಿ ಇಲ್ಲ. ಪುರಾವೆ ಇಲ್ಲವೆಂದು ಮಂಡಳಿ ತಿಂಗಳಿಗೆ 12,000 ಎಂದು ಅಂದಾಜು ಹಿಡಿದರೆ ಅದೇ ಲೆಕ್ಕದಲ್ಲಿ ಬರುವುದು 24,19,200. ಹನ್ನೆರಡು ಲಕ್ಷ ಒಂಬತ್ತು ಸಾವಿರದ ಆರುನೂರು ರೂಪಾಯಿ ಎಲ್ಲಿಗೆ ಹೋಯಿತು? ಒಂದು ಚೀಟಿ ಕೊಡದವನ ಕಿಸೆಗೂ ಅದು ಹೋಗಲಿಲ್ಲ, ಸುಮ್ಮನೆ ಅನಾಥ ಮಕ್ಕಳ ತಟ್ಟೆಯಿಂದ ಹಾರಿಹೋಯಿತು. ಸಂಬಳದ ಚೀಟಿಗಾಗಿ ನಾವು ಗೇಟಿನಲ್ಲಿ ಕೂಗಿದಾಗ, ಇದೇನು ಚೀಟಿಯ ಹುಚ್ಚು ಎಂದು ನಿಮ್ಮಲ್ಲೇ ಕೆಲವರು ನಕ್ಕಿದ್ದಿರಿ. ಹೋಗಲಿ. ಮನೆಯಲ್ಲಿ ದುಡಿಯುವ ಹೆಂಗಸು ಸತ್ತರೂ ಆಕೆಯ ದುಡಿಮೆಗೆ ಬೆಲೆ ಕಟ್ಟಬೇಕೆಂದು 2021ರ ತೀರ್ಪೊಂದು ಸ್ಪಷ್ಟವಾಗಿ ಹೇಳಿದೆ. ಇದನ್ನು ಮನೆಗೆ ಹೋಗಿ ಹೇಳಿ.

ಅರ್ಜಿಗೆ ಆರು ತಿಂಗಳ ಗಡುವನ್ನು 2019ರ ತಿದ್ದುಪಡಿ ತಂದಿತು. ಅದರ ಮೇಲೆ ಮೊಕದ್ದಮೆಗಳು ಹೂಡಲ್ಪಟ್ಟಿವೆ. ಆದರೆ ಅವನ್ನು ನೆಚ್ಚಿ ಯಾರೂ ಕೂರಬೇಡಿ, ಹದಿನಾರನೆಯ ದಿನದ ಕರ್ಮ ಮುಗಿದೊಡನೆ ಕಾಗದ ಹಿಡಿದು ಹೊರಡಿ. ಯಾರದು ತಪ್ಪು ಎಂಬ ವಾದಕ್ಕೇ ಹೋಗದೆ ಸಾವಿಗೆ ಐದು ಲಕ್ಷ, ಭಾರಿ ಗಾಯಕ್ಕೆ ಎರಡೂವರೆ ಲಕ್ಷ ಪಡೆಯುವ ದಾರಿಯೂ 164ನೆಯ ಕಲಮಿನಲ್ಲಿದೆ. ಒಂದನ್ನು ಆರಿಸಿದರೆ ಇನ್ನೊಂದು ಇಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಕಾದು ನಿಂತು ಬಿಳಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ದಲ್ಲಾಳಿಗಳಿಗೆ ಸಹಿ ಕೊಡಬೇಡಿ.

ಹೊಡೆದ ಗಾಡಿ ಯಾವುದೆಂದೇ ಗೊತ್ತಾಗದಿದ್ದರೆ? ಅದಕ್ಕೂ ಒಂದು ಯೋಜನೆ ಇದೆ. 2022ರ ಏಪ್ರಿಲ್ 1ರಿಂದ ಸಾವಿಗೆ ಎರಡು ಲಕ್ಷ, ಭಾರಿ ಗಾಯಕ್ಕೆ ಐವತ್ತು ಸಾವಿರ. ಅರ್ಜಿ ಹೋಗುವುದು ಕಂದಾಯ ಇಲಾಖೆಯ ಅಧಿಕಾರಿಗಳ ಬಳಿಗೆ, ಉಪವಿಭಾಗಾಧಿಕಾರಿಗಳ ಇಲ್ಲವೆ ತಹಸೀಲ್ದಾರರ ಕಚೇರಿಯ ಕಡೆಗೆ. ಓಡಿಹೋದ ಗಾಡಿಗಳ 67,387 ಅಪಘಾತಗಳ ಲೆಕ್ಕ ಆಗಲೇ ಹೇಳಿದೆವು. 2022-23ರಲ್ಲಿ ಇಡೀ ದೇಶದಿಂದ ಈ ಪರಿಹಾರ ಕೇಳಿ ಬಂದ ಅರ್ಜಿಗಳೆಷ್ಟು ಗೊತ್ತೆ? 205. ತೀರಿದ್ದು 95. ಇದು ನಾವು ಕಟ್ಟಿದ ಕತೆಯಲ್ಲ, 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಅಂಕಿ. ಹೀಗೊಂದು ಹಣ ಇದೆಯೆಂದು ಸತ್ತವರ ಮನೆಗೆ ಪೊಲೀಸರೇ ತಿಳಿಸಬೇಕೆಂದು ಕೋರ್ಟು ಆಗ ಆಜ್ಞೆ ಮಾಡಿತು. ನಮ್ಮ ತಾಲೂಕಿನಲ್ಲಿ ಎಷ್ಟು ಮನೆಗೆ ತಿಳಿಸಿದ್ದಾರೆಂದು ಮಾಹಿತಿ ಹಕ್ಕಿನ ಅರ್ಜಿ ಹಾಕಿದ್ದೇವೆ. ಉತ್ತರ ಬಂದರೆ ಈ ಪತ್ರಿಕೆಯಲ್ಲಿಯೇ ಅಚ್ಚು ಹಾಕುತ್ತೇವೆ.

ರಸ್ತೆಯ ಬದಿಯ ಅಂಗಡಿಯವರಿಗೆ ಒಂದು ಮಾತು. ಬಿದ್ದವರನ್ನು ಎತ್ತಿದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕಾದೀತೆಂದು ಹೆದರಬೇಡಿ. ನೆರವಾದವನನ್ನು ಹೊಣೆ ಮಾಡಬಾರದೆಂದು ಕಾಯಿದೆಯಲ್ಲಿಯೇ 134-ಎ ಎಂದು ಸೇರಿಸಿದ್ದಾರೆ. ನಿಮ್ಮ ಹೆಸರು ಹೇಳೆಂದು ಒತ್ತಾಯ ಮಾಡುವಂತಿಲ್ಲ. 2025ರ ಮೇ ತಿಂಗಳಲ್ಲಿ ಹೊರಬಿದ್ದ ಯೋಜನೆಯ ಪ್ರಕಾರ ಅಪಘಾತವಾದವರಿಗೆ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿಯ ಚಿಕಿತ್ಸೆಯನ್ನು ಗೊತ್ತಾದ ಆಸ್ಪತ್ರೆಗಳು ಹಣ ಕೇಳದೆ ಕೊಡಬೇಕು. ಮೊದಲು ಹಣ ಕಟ್ಟಿ ಎಂದರೆ ಈ ಯೋಜನೆಯ ಹೆಸರು ಹೇಳಿ.

ಗಿರಣಿಯ ಮುಂದೆ ಪಿ. ಬಿ. ರಸ್ತೆ ದಾಟುವ ಜಾಗದಲ್ಲಿ ದೀಪ ಬೇಕು, ಲಾರಿಗಳ ವೇಗ ತಗ್ಗಿಸುವ ಏರ್ಪಾಡು ಬೇಕು ಎಂದು ಜಿಲ್ಲಾಧಿಕಾರಿಗಳಿಗೆ ಮನವಿ ಬರೆದಿದ್ದೇವೆ. ಅದು ಮೇಜಿನ ಮೇಲಿದೆ, ಹೋಗುವಾಗ ಸಹಿ ಹಾಕಿ. ಪಾಳಿ ಬಿಡುವ ಹೊತ್ತಿಗೆ ಅಧಿಕಾರಿಗಳೇ ಬಂದು ಒಮ್ಮೆ ರಸ್ತೆ ದಾಟಿ ನೋಡಲಿ ಎಂದೂ ಅದರಲ್ಲಿ ಬರೆದಿದ್ದೇವೆ. ಭಾಷೆ ಸ್ವಲ್ಪ ಒರಟಾಯಿತೆಂದು ಅಧ್ಯಕ್ಷರು ಹೇಳಿದರು. ಆ ಸಾಲನ್ನು ತೆಗೆದಿಲ್ಲ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಸಂಘದ ಕೋಣೆಯಲ್ಲಿ ಇಬ್ಬರು ವಕೀಲ ಮಿತ್ರರು ಕುಳಿತಿರುತ್ತಾರೆ. ಹಣ ತೆಗೆದುಕೊಳ್ಳುವುದಿಲ್ಲ. ಮನೆಯಲ್ಲಿ ಇಂಥ ಸಾವಾದವರು ಎಫ್. ಐ. ಆರ್. ನಕಲು, ಮರಣೋತ್ತರ ಪರೀಕ್ಷೆಯ ವರದಿ, ಸತ್ತವರ ವಯಸ್ಸಿನ ದಾಖಲೆ, ಪಡಿತರ ಚೀಟಿ, ಸಂಬಳದ ಗುರುತು ಏನಾದರೂ ಇದ್ದರೆ ಅದು, ಬ್ಯಾಂಕಿನ ಪುಸ್ತಕವಾದರೂ ಸರಿ, ಹಿಡಿದು ಬನ್ನಿ. ಖಟ್ಲೆ ಬಿದ್ದ ಚಾಲಕರ ಮನೆಯವರೂ ಬನ್ನಿ. ಮಾಲಿಕನ ಫೋನು ಬಂದ ಹೊತ್ತು, ಟೋಲಿನ ಚೀಟಿ, ತೂಕದ ಚೀಟಿ, ಇವನ್ನು ಕಳೆಯದೆ ತನ್ನಿ. ಆ ತಾಯಿಗೂ ಹೇಳಿ ಕಳಿಸಿದ್ದೇವೆ, ಈ ಸಲ ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ಬನ್ನಿ ಎಂದು. ಒಳಗೆ ಆ ಹೆಣ್ಣುಮಗಳೂ ಇರುತ್ತಾರೆ. ಅವರನ್ನು ಕೇಳಿಯೇ ಹೇಳಿ ಕಳಿಸಿದ್ದು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಬರಲಿ ಬಿಡಿ ಮೇಷ್ಟ್ರೇ' ಎಂದರು.